ದೀಪದ ಮೇಲಿನ ಬೊಟ್ಟು

ತಿಥಿಗೆ ಬಂದಿದ್ದ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಹೆಡತಲೆ ಊರಿನ ಆ ಬೀದಿಗೆ ಬೆಳಿಗ್ಗೆ ಎಂದಿನಂತೆ ನಲ್ಲಿ ನೀರು ಬಂತು, ಡೈರಿಗೆ ಹಾಲು ಹೋಯಿತು. ಪವಿತ್ರ ಕಾಫಿಗೆ ಎಂದಿನಷ್ಟೇ ನೀರಿಟ್ಟಳು. ಕುದಿದ ಮೇಲೆ, ಒಂದು ಲೋಟ ಹೆಚ್ಚಾಗಿದೆ ಎಂದು ತಿಳಿಯಿತು. ಚೆಲ್ಲಲಿಲ್ಲ. ಮುಚ್ಚಿಟ್ಟಳು.

ಮನೆ ಮುಂದೆ ಬಿಳಿ ಕಾರು ನಿಂತಿತ್ತು. ಅದು ಅವರದ್ದಲ್ಲ. ಪವಿತ್ರಳ ಗಂಡ ಶಿವಮೂರ್ತಿ, ತನ್ನ ತಾಯಿ ಸಾಕಮ್ಮನ ಕಣ್ಣಿನ ಆಪರೇಷನ್ನಿಗೆಂದು ಟಿ. ನರಸೀಪುರದ ಗೆಳೆಯ ನಂಜುಂಡಸ್ವಾಮಿಯಿಂದ ಕೇಳಿ ತಂದಿದ್ದ ಕಾರು. ಅಮ್ಮನನ್ನು ಮನೆಗೆ ಬಿಟ್ಟು, ಅದನ್ನು ಹಿಂದಿರುಗಿಸಲು ಹೊರಟವನಿಗೆ ದಾರಿಯ ತಿರುವಿನಲ್ಲಿ ಇಂಜಿನ್ ಕೈಕೊಟ್ಟಿತು. ಇಳಿದು, ಯಾರನ್ನಾದರೂ ಕರೆಯಲೆಂದು ರಸ್ತೆ ದಾಟುವಾಗ ಲಾರಿ ಬಡಿಯಿತು. ಎಳೆದು ತಂದು ನಿಲ್ಲಿಸಿದ ಕಾರಿನ ಮೈಮೇಲೆ ಒಂದು ಗೀರೂ ಇರಲಿಲ್ಲ.

ನಂಜುಂಡಸ್ವಾಮಿಯ ಫೋನು ಬಂತು.

“ಕೇಳಕ್ಕೇ ಬಾಯಿ ಬರಾಕಿಲ್ಲ ಕಣವ್ವ. ಮಗಳು ರಾಣಿಗೆ ತುಂಬಿದ ತಿಂಗಳು. ಯಾವೊತ್ಗೆ ನೋವು ಬತ್ತದೋ. ನಾನೇ ಬಂದು ಗಾಡಿ ತಗೊಂಡೋಗ್ಲಾ?”

“ಬೇಡಿ ಅಣ್ಣ. ನಾವೇ ತರ್ತೀವಿ.”

ಮೈದುನ ಮಾದೇಶ್ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಇಂಜಿನ್ ಚಳಿಜ್ವರ ಬಂದಂತೆ ನಡುಗಿತು. “ಓಡ್ತದೆ ಬುಡಿ ಅತ್ತಿಗೆ,” ಎಂದ.

ಪವಿತ್ರ ಬಗ್ಗಿ ನೋಡಿದಳು. ಸ್ಟೀರಿಂಗಿನ ಹಿಂದೆ, ಮೀಟರಿನ ಗಾಜಿನ ಮೇಲೆ ಒಂದು ಕೆಂಪು ಸ್ಟಿಕರ್ ಬೊಟ್ಟು. ಅವಳದೇ.

“ಅಣ್ಣನೇ ಅಂಟ್ಸಿದ್ದು,” ಎಂದ ಮಾದೇಶ್. “ಗಾಡಿ ಜಗ್ಗಾಡ್ತಿತ್ತು. ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕ್ಸು, ಕಷಾಯ ಕುಡ್ದಂಗೆ ಎಲ್ಲಾ ಕಿತ್ಕಂಡೋಯ್ತದೆ ಅಂತ ಯಾರೋ ಅಂದ್ರು. ಹಾಕ್ಸಿದ್ಮ್ಯಾಕೆ ಈ ದೀಪ ಹತ್ಕತು. ಹೊಸ ಪೆಟ್ರೋಲ್ಗೆ ಒಗ್ಗೋಗಂಟ ಉರೀತದೆ ಅಂದ್ರು. ಅವ್ವ ನೋಡುದ್ರೆ ಎದ್ರುಕತಳೆ ಅಂತ, ಮನೆ ಕನ್ನಡೀಲಿದ್ದ ನಿಮ್ ಸ್ಟಿಕರ್ ಕಿತ್ತು ಮುಚ್ಬುಟ್ಟ.”

ಪವಿತ್ರ ಉಗುರಿನಿಂದ ಬೊಟ್ಟನ್ನು ಎಬ್ಬಿಸಿದಳು. ಕೆಳಗೆ ಇಂಜಿನ್ನಿನ ಆಕಾರದ ಹಳದಿ ದೀಪ ಉರಿಯುತ್ತಿತ್ತು.

“ಬ್ಯಾಟ್ರಿ ವೈರ್ ಬಿಚ್ಚುದ್ರೆ ಅದೂ ಆರೋಯ್ತದೆ. ಸುಮ್ನೆ ಕೊಟ್ಬುಡವ. ಕಂಡೋರ್ ಗಾಡಿ ಕೆಡಿಸ್ದ ಅಂತ ಸತ್ತೋನ ಮ್ಯಾಲೆ ಮಾತ್ಯಾಕೆ?” ಎಂದ ಮಾದೇಶ್.

ಜಗಲಿಯ ಮೇಲಿದ್ದ ಸಾಕಮ್ಮ, “ಅವ್ನ ಎಸ್ರು ಕೆಡಿಸ್ಬ್ಯಾಡ ಕಣವ್ವ. ಉಳ್ದಿರದೇ ಅದೊಂದು,” ಎಂದರು.

“ಅತ್ತೆ, ಇದ್ರಲ್ಲಿ ರಾಣಿ ಕೂರ್ತಾಳೆ.”

ನಂಜನಗೂಡಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ತನ್ನ ಕಾಲೇಜಿನ ಗೆಳತಿ ಧನುಶ್ರೀಗೆ ಪವಿತ್ರ ಫೋನು ಮಾಡಿದಳು. “ಗಾಡಿ ಅಲ್ಲೇ ಇರ್ಲಿ, ನಾನೇ ಬರ್ತೀನಿ,” ಎಂದಳು ಧನುಶ್ರೀ. ಬಂದವಳೇ, ಗಾಡಿಯ ದೋಷ ಓದುವ ಸ್ಕ್ಯಾನರನ್ನು ಕಾರಿಗೆ ಸಿಕ್ಕಿಸಿದಳು.

“ಜೋಯಿಸ್ರಂಗೆ ಇಲ್ಲೇ ಕುಂತು ಯೋಳ್ಬುಡ್ತೀರಾ?” ಎಂದ ಮಾದೇಶ್.

“ಜೋಯಿಸರು ಊಹೆ ಮಾಡ್ತಾರೆ. ನಾನು ಗಾಡೀನೇ ಕೇಳ್ತೀನಿ.” ಅವಳು ಪರದೆ ನೋಡಿದಳು. “ಕಿಡಿಗೆ ಕರೆಂಟ್ ಕೊಡೋ ಒಂದು ಇಗ್ನಿಷನ್ ಕಾಯಿಲ್ ಕೆಟ್ಟಿದೆ. ಕಿಡಿ ಸರಿಯಾಗಿ ಬರ್ತಿಲ್ಲ. ಜಗ್ಗಾಟ ಅದಕ್ಕೇ.”

“ಅಂಗಾರೆ ಪೆಟ್ರೋಲಿಂದಲ್ವಾ?”

“ಅಲ್ಲ. ಪ್ರೀಮಿಯಂ ಪೆಟ್ರೋಲಲ್ಲಿ ಸಾಮಾನ್ಯವಾಗಿ ಆಕ್ಟೇನ್ ನಂಬರ್ ಜಾಸ್ತಿ ಇರುತ್ತೆ. ಆಕ್ಟೇನ್ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ ಅಂತಲ್ಲ. ಇಂಜಿನ್ ಒಳಗೆ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡೀದಂಗೆ ತಡೆಯೋ ಗುಣ, ಅಷ್ಟೇ. ಅದರಿಂದ ಗಾಡಿ ಕೆಡೋದೂ ಇಲ್ಲ, ಕೆಟ್ಟ ಗಾಡಿ ರಿಪೇರಿ ಆಗೋದೂ ಇಲ್ಲ. ಇಷ್ಟು ಆಕ್ಟೇನ್ ಇರ್ಬೇಕು ಅಂತ ಗಾಡಿ ಪುಸ್ತಕದಲ್ಲಿ ಬರೆದಿರುತ್ತೆ, ಅದು ಸಾಕು. ಪೆಟ್ರೋಲ್ ಹಾಕ್ಸಿದ ಮೇಲೆ ದೀಪ ಬಂತು ಅಂದ್ರೆ ಪೆಟ್ರೋಲಿಂದಲೇ ಬಂತು ಅಂತಲ್ಲ. ಕೆಲವು ಗಾಡೀಲಿ ಟ್ಯಾಂಕಿನ ಮುಚ್ಚಳ ಸಡಿಲ ಇದ್ರೂ ಬರುತ್ತೆ. ತೋರಿಸದೆ ಗೊತ್ತಾಗಲ್ಲ.”

“ಆವತ್ತೇ ತೋರಿಸಿದ್ದಿದ್ರೆ?” ಎಂದಳು ಪವಿತ್ರ.

ಧನುಶ್ರೀ ಗೆಳತಿಯ ಕೈ ಹಿಡಿದುಕೊಂಡಳು.

ಸಾಕಮ್ಮ ಕಪ್ಪು ಕನ್ನಡಕದ ಕೆಳಗೆ ಸೆರಗು ಒತ್ತಿಕೊಂಡರು. “ನನ್ ಕಣ್ಣು ಸರಿ ಮಾಡ್ಸಕ್ಕೋಗಿ, ತನ್ ಕಣ್ಮುಂದಿನ ದೀಪನೇ ಮುಚ್ಕಂಡ ನನ್ ಮಗ. ಯೋಳವ್ವ ನಂಜುಂಡಸ್ವಾಮಿಗೆ. ಒಂದೂ ಮುಚ್ಬ್ಯಾಡ, ಎಲ್ಲಾನೂ ಯೋಳು.”

ಹೊಸ ಕಾಯಿಲ್ ಹಾಕುವ ಹೊತ್ತಿಗೆ ಮಧ್ಯಾಹ್ನವಾಯಿತು. ಹೊರಡುವ ಮುಂಚೆ ಟೈರು, ಬ್ರೇಕು, ಎಲ್ಲವನ್ನೂ ನೋಡಿಸಿದವನು ಮಾದೇಶನೇ. ಆ ತಿರುವು ಬಂದಾಗ ಅವನು ನಿಧಾನ ಮಾಡಿದ. ಪವಿತ್ರ ಕಿಟಕಿಯಾಚೆ ನೋಡಲಿಲ್ಲ. ಎದುರಿಗಿದ್ದ ಮೀಟರನ್ನೇ ನೋಡುತ್ತಿದ್ದಳು. ಯಾವ ದೀಪವೂ ಉರಿಯುತ್ತಿರಲಿಲ್ಲ.

ನರಸೀಪುರದಲ್ಲಿ ನಂಜುಂಡಸ್ವಾಮಿ ಗೇಟಿನ ಹತ್ತಿರ ಕಾಯುತ್ತಿದ್ದ. ಪವಿತ್ರ ಜಗ್ಗಾಟ, ಪೆಟ್ರೋಲು, ಬೊಟ್ಟು, ಕಾಯಿಲ್ ಎಲ್ಲವನ್ನೂ ಹೇಳಿದಳು. ರಾಣಿಯನ್ನು ಕರೆದು ಕೀಲಿ ತಿರುಗಿಸಿ ತೋರಿಸಿದಳು. ದೀಪಗಳೆಲ್ಲ ಒಮ್ಮೆ ಹತ್ತಿದವು. ಇಂಜಿನ್ ಶುರುವಾಗುತ್ತಲೇ ಒಂದೊಂದಾಗಿ ಹೋದವು.

“ಹೀಗೆ ಎಲ್ಲಾ ಹೋಗ್ಬೇಕು ರಾಣಿ. ಯಾವುದಾದ್ರೂ ಉಳಿದ್ರೆ, ಕೇಳದೆ ಹೊರಡ್ಬೇಡಿ.”

“ನಮ್ಮ ಮೂರ್ತಿ ಗಾಡಿ ತಂದ್ಕೊಟ್ಟಂಗೇ ಆಯ್ತು ಕಣವ್ವ,” ಎಂದು ನಂಜುಂಡಸ್ವಾಮಿ ಕೈ ಚಾಚಿದ. ಪವಿತ್ರ ಕೀಲಿ ಕೊಟ್ಟಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತು ಗಾಡಿ ಹತ್ತಿದಾಗ ಮೀಟರಿನ ಕಡೆ ಒಮ್ಮೆ ನೋಡಿ. ಹಳದಿ ದೀಪ ಉಳಿದಿದ್ದರೆ ಬೇಗ ತೋರಿಸಿ. ಅದು ಮಿಣುಕುತ್ತಿದ್ದರೆ, ಅಥವಾ ಇಂಜಿನ್ ಎಣ್ಣೆಯದೋ ಇಂಜಿನ್ ಬಿಸಿಯದೋ ಕೆಂಪು ದೀಪ ಬಂದರೆ, ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಗಾಡಿ ನಡುದಾರಿಯಲ್ಲಿ ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ, ರಸ್ತೆ ಬಿಟ್ಟು ದೂರ ನಿಂತು ಫೋನು ಮಾಡಿ. ದುಬಾರಿ ಪೆಟ್ರೋಲಿನಿಂದ ಆ ದೀಪಕ್ಕೆ ಔಷಧಿ ಮಾಡಬೇಡಿ. ದಯವಿಟ್ಟು ಅದನ್ನು ಮುಚ್ಚಬೇಡಿ.