ಸಿಹಿನೀರಿನ ಪೀಪಾಯಿ

ನಮ್ಮವ್ವನಿಗೆ ನಾನು ಕೊಟ್ಟ ಮಾತು ಒಂದೇ: ದಿನಾ ಸಿಹಿನೀರಿನ ಸ್ನಾನ, ಆಮೇಲೆ ಸಂಧ್ಯಾವಂದನೆ. ಪರ್ವದಿನ ಬಿಟ್ಟು ಸಮುದ್ರದ ನೀರು ಮುಟ್ಟಬಾರದೆಂಬುದು ಅವಳ ಶಾಸ್ತ್ರ. ಧಾರವಾಡದ ಬ್ರಾಹ್ಮಣರ ಹುಡುಗ ಹಡಗಿನ ವಿದ್ಯೆ ಕಲಿಯುವುದೇ ಓಣಿಗೆಲ್ಲ ತಮಾಷೆಯಾಗಿತ್ತು. ಕಡಲನ್ನೇ ಕಾಣದ ಅವ್ವನ ಕೈಮೇಲೆ ಕೈಯಿಟ್ಟು ಹೂಂ ಅಂದೆ, ನಾನೊಬ್ಬ ಮಹಾಶೂರ.

೧೯೩೪ರಲ್ಲಿ ಮಂಗಳೂರಿನಿಂದ ಮುಂಬಯಿಗೆ ಹಂಚು ಒಯ್ಯುವ ಒಂದು ಹಾಯಿಹಡಗಿನಲ್ಲಿ ಕಲಿಯುವವರು ನಾವಿಬ್ಬರೇ: ಏಕನಾಥನೆಂಬ ನಾನು, ಇನ್ನೊಬ್ಬ ಹುಬ್ಬಳ್ಳಿ ಬೆಂಗೇರಿಯ ಗುಲಾಬಸಾಬ. ಬೆಳಗಾಗುತ್ತಲೇ ಹಡಗಿನ ಮೇಲಟ್ಟ ತೊಳೆಯಬೇಕು. ಆಮೇಲೆ ಹಗ್ಗದ ಗಂಟು, ಹಾಯಿಕಂಬ ಹತ್ತುವುದು, ಹರಿದ ಹಾಯಿ ಹೊಲಿಯುವುದು. ಮಧ್ಯಾಹ್ನ ಸೂರ್ಯನ ಎತ್ತರ ಅಳೆದು ನಕ್ಷೆಯಲ್ಲಿ ಹಡಗಿನ ಜಾಗ ಗುರುತಿಸುವುದು. ಲೆಕ್ಕ ನನಗೆ ಬೇಗ ಬರುತ್ತಿತ್ತು, ಗಂಟು ಮಾತ್ರ ಬರುತ್ತಿರಲಿಲ್ಲ. ಗುಲಾಬಸಾಬ ಬೇಸರವಿಲ್ಲದೆ ಮತ್ತೆ ಮತ್ತೆ ಕಲಿಸುತ್ತಿದ್ದ.

"ಏನಪಾ ಭಟ್ಟ, ಜನಿವಾರದ ಗಂಟು ಬರತೈತಿ, ಇದು ಬರೂದಿಲ್ಲೇನು?"

ಕುಡಿಯುವ ನೀರಿನ ಪೀಪಾಯಿಗೆ ಬೀಗ. ಕೀಲಿಕೈ ವಾರಕ್ಕೊಬ್ಬರ ಬಳಿ. ನನ್ನ ವಾರದಲ್ಲಿ ದಿನಕ್ಕೊಂದು ತಂಬಿಗೆ ಕದ್ದು ತಲೆಗೆ ಸುರಿದುಕೊಂಡೆ. ಒಂದು ತಂಬಿಗೆ ಏನು ಮಹಾ ಅಂದುಕೊಂಡೆ. ಗುಲಾಬಸಾಬನ ವಾರ ಬಂದಾಗ, ಅವನು ಅಟ್ಟ ತೊಳೆಯುವ ಹೊತ್ತಿಗೆ ಅವನು ಕಳಚಿಟ್ಟ ಕೋಟಿನ ಜೇಬಿನಿಂದ ಕೀಲಿಕೈ ತೆಗೆದು, ಕೆಲಸ ಮುಗಿಸಿ ಅಲ್ಲೇ ಇಡುತ್ತಿದ್ದೆ.

ಗೋವೆ ದಾಟಿದ ಮೇಲೆ ಗಾಳಿ ಬಿದ್ದುಹೋಯಿತು. ಆರು ದಿನ ಹಾಯಿ ಅಲುಗಲಿಲ್ಲ. ಆಗಲೂ ನಾನು ನಿಲ್ಲಿಸಲಿಲ್ಲ. ಅವ್ವನಿಗೆ ಕೊಟ್ಟ ಮಾತಿಗಾಗಿ ಎಂದರೆ ಅರ್ಧ ಸುಳ್ಳು. ಆ ಬಿಸಿಲಿಗೆ ತಲೆಯ ಮೇಲೆ ಬೀಳುವ ತಣ್ಣೀರು ಹಿತವಾಗಿತ್ತು.

ಏಳನೆಯ ದಿನ, ಲೆಕ್ಕಕ್ಕಿಂತ ಮೊದಲೇ, ಪೀಪಾಯಿಯ ತಳ ಕಂಡಿತು. ಹಡಗು ನಡೆಸುವ ತಾಂಡೇಲ ಕಮರುದ್ದೀನ ಎಲ್ಲರನ್ನೂ ನಿಲ್ಲಿಸಿ, ಕೀಲಿಕೈ ಯಾರ ಹತ್ತಿರ ಇತ್ತು ಎಂದು ಕೇಳಿದ.

"ನನ್ನ ಕಡೆ ಇತ್ರಿ. ಆದ್ರ ನಾ ತಗೊಂಡಿಲ್ರಿ," ಎಂದ ಗುಲಾಬಸಾಬ. ನೀರಿಲ್ಲದೆ ಅವನ ತುಟಿ ಒಡೆದಿತ್ತು. ನನ್ನ ಮೇಲೆ ಅವನಿಗೆ ಗುಮಾನಿಯೇ ಇರಲಿಲ್ಲ. ನಾನು, ಹೇಡಿ, ತುಟಿಪಿಟಕ್ಕೆನ್ನದೆ ನಿಂತೆ. ರತ್ನಾಗಿರಿಯಲ್ಲಿ ಅವನನ್ನು ಇಳಿಸಿಬಿಟ್ಟರು. ನೀರು ಕದ್ದನೆಂದು ಅವನ ಮನೆಗೆ ಕಾಗದವೂ ಹೋಯಿತು.

ಎರಡು ತಿಂಗಳ ಮೇಲೆ ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ನೀ ಮಾತು ನಡಿಸಿದಿ, ಅಷ್ಟ ಸಾಕು. ಇನ್ನ ಇದನ್ನ ಯಾರ ಮುಂದೂ ಆಡಬ್ಯಾಡ," ಎಂದು ಅನ್ನಕ್ಕೆ ತುಪ್ಪ ಬಡಿಸಿದಳು. ಉಂಡೆದ್ದು ಕಮರುದ್ದೀನನಿಗೆ ಕಾಗದ ಬರೆಯಲು ಕೂತೆ.

ಮರುದಿನ ಬೆಂಗೇರಿಗೆ ಹೋದೆ. ಗುಲಾಬಸಾಬ ಹತ್ತಿ ಗಿರಣಿಯ ಕೆಲಸಕ್ಕೆ ಹೋಗಿದ್ದ. ನಾನು ಯಾರೆಂದು ಹೇಳಿದೊಡನೆ ಅವನ ತಾಯಿ ಮದೀನಾಬಿ ಕಟ್ಟೆಯ ಮೇಲೆ ಚಾಪೆ ಹಾಸಿದಳು.

"ಸಂಗಾಟ ಇದ್ದಾವ್ರು ನೀವು. ನೀವ ಹೇಳ್ರಿ, ನನ್ನ ಮಗ ನೀರು ಕದ್ದಾನೇನ್ರಿ? ಕಾಗದ ಬಂದಾಗಿಂದ ಅವರಪ್ಪ ಅವನ ಕೂಡ ಮಾತಾಡಿಲ್ಲ."

"ಇಲ್ರಿ. ಕದ್ದಾವ ನಾನು."

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಕಮರುದ್ದೀನನಿಗೆ ಬರೆದಿದ್ದ ತಪ್ಪೊಪ್ಪಿಗೆಯ ಕಾಗದವನ್ನು ಓದಿ ಹೇಳಿದೆ. ಪೂರ್ತಿ ಕೇಳಿ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ಕಾಗದ ಆಮ್ಯಾಲೆ ಹಾಕ್ರಿ. ಅವರಪ್ಪ ಮಸೂತಿ ಕಟ್ಟಿಮ್ಯಾಲೆ ಕುಂತಾರ, ನಾಕ ಮಂದಿ ಹಿರ್ಯಾರೂ ಅದಾರ. ಬರ್ರಿ, ಅಲ್ಲಿ ಹೇಳ್ರಿ."

ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟೆ.