ಕೈನಡುಕದ ಅಂಕಿ

ರಿಪೇರಿ ಅಕ್ಕನ ಕೈ ನಡುಗುತ್ತಿದೆ ಎಂಬುದು ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಅವಳು ಬಿಡಬೇಕಲ್ಲ! ಮೊಬೈಲಿನ ಒಳಗಿನ ಸಣ್ಣ ಬೆಸುಗೆ ಕೆಲಸ ಬಂದಾಗಲೆಲ್ಲ "ಪಾರ್ಟ್ ಸಿಗ್ತಿಲ್ಲ" ಎಂದು ಎರಡು ತಿಂಗಳಿಂದ ಸಾಗಹಾಕುತ್ತಿದ್ದಳು. ಮೈಕ್ರೋಸ್ಕೋಪಿನ ಕೆಳಗೆ ಚಿಮಟ ಹಿಡಿದರೆ ಸಾಕು, ಸಾಸಿವೆಗಿಂತ ಚಿಕ್ಕ ಬಿಡಿಭಾಗ ಎದ್ದು ಕುಣಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ನಡುಕ ತಾನಾಗಿಯೇ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು.

ಅವಳಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರ್. ಅವರಿಗೂ ನಡುಕ ಹೀಗೇ ಬಂದುಹೋಗಿ ಮಾಡುತ್ತಲೇ ನಲವತ್ತೆರಡನೇ ವಯಸ್ಸಿಗೆ ಕುಂಚ ಕೆಳಗಿಡಿಸಿತ್ತು. ಮಗಳಿಗೀಗ ನಲವತ್ತೊಂದು.

ಡಾಕ್ಟರ ಬಾಯಲ್ಲಿ ಕೇಳುವ ಮೊದಲು ತಾನೇ ಅಳೆದು ನೋಡಬೇಕೆಂಬ ಹಠ ಅವಳದು. ಅಲುಗಾಟ ಹಿಡಿಯುವ ಸೆನ್ಸರ್ ಒಂದನ್ನು ಪುಟ್ಟ ಕಂಪ್ಯೂಟರಿನಂಥ ಬೆರಳುದ್ದದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಸೇರಿಸಿದಳು. ಅಂಚೆಚೀಟಿಯಷ್ಟು ಪರದೆ ಜೋಡಿಸಿ, ಅಲುಗಿದಷ್ಟೂ ದೊಡ್ಡ ಅಂಕಿ ತೋರಿಸುವಂತೆ ಪ್ರೋಗ್ರಾಂ ಬರೆದಳು. ಸೆನ್ಸರನ್ನು ಮಣಿಕಟ್ಟಿಗೆ ಕಟ್ಟಿ, ಕೈಯನ್ನು ಬೆಂಚಿನ ಮೇಲೆ ಊರಿ, ಉಸಿರು ಬಿಗಿಹಿಡಿದಳು. ಅವಳ ಲೆಕ್ಕದಂತೆ ಗಟ್ಟಿ ಕೈಗೆ ಐದು ದಾಟಬಾರದು. ಪರದೆ ಹೇಳಿದ್ದು ನಲವತ್ತು. ಮೂವತ್ತೆಂಟು. ಮತ್ತೆ ನಲವತ್ತು.

ಹೊಸ ಸಾಧನವನ್ನು ಮೊದಲು ಯಾವುದಕ್ಕೂ ಕಟ್ಟದೆ ಬರಿದೇ ಇಟ್ಟು ನೋಡಬೇಕು ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ತಲೆಗೆ ಮೊಟಕಿ ಹೇಳಿಕೊಟ್ಟವಳು ಇವಳೇ. ಹೆದರಿದವಳಿಗೆ ಅದೆಲ್ಲಿ ನೆನಪಾಗಬೇಕು!

"ಅತ್ತೆ, ಅಂಗಡಿ ಮುಚ್ಚಿಬಿಡೋಣ," ಎಂದಳು, ಕೌಂಟರಿನಲ್ಲಿ ಕೂತಿದ್ದ ಅತ್ತೆಗೆ. "ನನ್ನ ಕೈ ಹೋಯ್ತು."

"ಎಲ್ಲಿಗೆ ಹೋಯ್ತು? ಅಲ್ಲೇ ಇದೆಯಲ್ಲ!" ಎಂದ ಅತ್ತೆ ಸೊಸೆಯ ಮುಖ ನೋಡಿ ಎದ್ದು ಬಂದರು. ಅವಳು ಎಲ್ಲವನ್ನೂ ಒದರಿದಳು.

"ಎರಡು ತಿಂಗಳಿಂದ ಹೊಟ್ಟೇಲಿಟ್ಕೊಂಡು ಕೂತಿದ್ಯಾ? ನಾನೇನು ಸತ್ತುಹೋಗಿದ್ನಾ? ಬಿಚ್ಚು ಅದನ್ನ. ನಡಿ, ಡಾಕ್ಟರ್ ಹತ್ರ."

ಅವಳು ಸೆನ್ಸರ್ ಬಿಚ್ಚಿ ಬೆಂಚಿನ ಮೇಲಿಟ್ಟು ಚಪ್ಪಲಿ ಹುಡುಕತೊಡಗಿದಳು. ಅತ್ತೆ ಕನ್ನಡಕ ಏರಿಸಿ ಪರದೆಯ ಮೇಲೆ ಬಗ್ಗಿದರು.

"ಏನೇ ಇದು? ಕೈ ಇಲ್ದಿದ್ರೂ ನಲವತ್ತು ಅಂತಿದೆ?"

ಅವಳು ತಿರುಗಿ ನೋಡಿದಳು. ಹೌದು, ನಲವತ್ತೇ. ಮರದ ಹಲಗೆಗೆ ಯಾವ ಕಾಯಿಲೆ? ಸೆನ್ಸರನ್ನು ಗೋಡೆಯತ್ತ ಸರಿಸಿದಳು, ಅರವತ್ತು. ಗೋಡೆಗೇ ಒತ್ತಿದಳು, ತೊಂಬತ್ತು. ಗೋಡೆ ಅಂದರೆ ಬರೀ ಪ್ಲೈವುಡ್. ಅದರಾಚೆ ಜ್ಯೂಸಿನ ಅಂಗಡಿ.

ಅತ್ತೆ ಬೀದಿಗಿಳಿದೇಬಿಟ್ಟರು. "ಏನಪ್ಪಾ, ಆ ಹೊಸ ಫ್ರಿಜ್ಜನ್ನ ಗೋಡೆಗೆ ಒತ್ತಿ ಇಟ್ಟು ಎಷ್ಟು ದಿನ ಆಯ್ತು?"

"ಎರಡು ತಿಂಗಳಾಯ್ತಮ್ಮ. ಯಾಕೆ?" ಎಂದ ಜ್ಯೂಸಿನವನು.

"ಮೊದಲು ಆರಿಸು. ಆಮೇಲೆ ಹೇಳ್ತೀನಿ."

ಫ್ರಿಜ್ಜು ಒಮ್ಮೆ ಗೊರಗುಟ್ಟಿ ನಿಂತಿತು. ಪರದೆಯ ಅಂಕಿ ದಡದಡನೆ ಇಳಿದು ಎರಡಕ್ಕೆ ಬಂತು. ಅವಳು ಸೆನ್ಸರನ್ನು ಮತ್ತೆ ಮಣಿಕಟ್ಟಿಗೆ ಕಟ್ಟಿ ಕೈ ಊರಿದಳು. ಮೂರು. ಮೂರು. ಎರಡು. ಅಬ್ಬಾ! ಇಷ್ಟು ದಿನ ಬಂದುಹೋಗಿ ಮಾಡುತ್ತಿದ್ದದ್ದು ಅಪ್ಪನ ಕಾಯಿಲೆಯಲ್ಲ, ಫ್ರಿಜ್ಜಿನ ಮೋಟಾರು. ಬೆಂಚಿನ ಜೊತೆ ಮೈಕ್ರೋಸ್ಕೋಪೂ ಅದುರುತ್ತಿತ್ತು, ಊರಿದ ಕೈಯೂ ಅದುರುತ್ತಿತ್ತು. ಕೈ ಮಾತ್ರ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಅಂಕಿ ಏರತೊಡಗಿತು. ಹತ್ತು. ಇಪ್ಪತ್ತೈದು. ಐವತ್ತು.

ಒಳಗೆ ಬಂದ ಅತ್ತೆ ಗಾಬರಿಯಾಗಿ ಗೋಡೆಗೆ ಗುದ್ದಿದರು. "ಏಯ್, ಮತ್ತೆ ಹಾಕಿದ್ಯೇನೋ?"

"ಇಲ್ಲಮ್ಮಾ!" ಎಂದು ಆಚೆಯಿಂದ ದನಿ ಬಂತು.

"ಫ್ರಿಜ್ಜಲ್ಲ, ಅತ್ತೆ," ಎಂದಳು ಅವಳು, ಸೆರಗಲ್ಲಿ ಮೂಗೊರೆಸಿಕೊಳ್ಳುತ್ತ. "ನಾನು ಅಳ್ತಿದ್ದೀನಿ."

ಅತ್ತೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಸೊಸೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಕಣ್ಣನ್ನು ಪರದೆಯ ಮೇಲಿಟ್ಟರು.

"ಅತ್ತುಬಿಡು. ಎರಡಕ್ಕೆ ಬರೋವರೆಗೂ ಹಿಡ್ಕೊಂಡಿರ್ತೀನಿ."