ಪಟ್ಟಿಯಲ್ಲಿಲ್ಲದ ಎಂಟು ಸೀರೆ

"ನಿನ್ನ ಪಟ್ಟಿ ತೆರಿಯೂದ್ರಾಗ ಗಿರಾಕಿ ಲಕ್ಕುಂಡಿ ಮುಟ್ಟಿರ್ತಾನವಾ," ಎಂದು ಚನ್ನಬಸವಣ್ಣ ಚಹಾದ ಲೋಟ ಎತ್ತಿಕೊಂಡರು. ಬೆಟಗೇರಿಯ ಅವರ ಸೀರೆ ಅಂಗಡಿಯ ಕಂಪ್ಯೂಟರಿನಲ್ಲಿ ಚಕ್ರ ಇನ್ನೂ ಸುತ್ತುತ್ತಲೇ ಇತ್ತು. "ಚಹಾ ಆರೂದ್ರಾಗ ಬರಲಿಲ್ಲಂದ್ರ ನಾ ಮತ್ತ ನನ್ನ ವಹಿ ತಗೀತೀನಿ ನೋಡು."

ಕಂಪ್ಯೂಟರಿನ ಮುಂದೆ ಕೂತಿದ್ದ ಶಾಹಿಸ್ತಾಳ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟು ಅದು. ಚೆನ್ನಾಗಿ ನಡೆಯುತ್ತಿದೆ ಎಂದು ಅಂಗಡಿಯವರು ಸಹಿ ಹಾಕಿದರೆ ಮಾತ್ರ ಪಾಸು. ತೊಡಕು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಡೇಟಾಬೇಸಿಗೂ ಅವಳಿಗೂ ನಡುವೆ ನಿಂತು ಮಾತಾಡುವ ಓಆರ್‌ಎಂ, ಪಟ್ಟಿಯಿಂದ ಒಂದು ಸೀರೆ ಹಿಡಿದು, ನೇಯ್ದವರು ಯಾರೆಂದು ಕೇಳಲು ನೇಕಾರರ ಪಟ್ಟಿಗೆ ಓಡಿ, ವಾಪಸು ಬಂದು, ಇನ್ನೊಂದು ಸೀರೆ ಹಿಡಿದು ಮತ್ತೆ ಓಡುತ್ತಿತ್ತು. ನಾಲ್ಕು ಸಾವಿರ ಸೀರೆಗೆ ನಾಲ್ಕು ಸಾವಿರ ಓಟ.

ಅದನ್ನು ಅಳಿಸಿ, ಎರಡೂ ಪಟ್ಟಿ ಜೋಡಿಸಿ ಒಂದೇ ಸಲಕ್ಕೆ ತರುವ ಕ್ವೆರಿ ಬರೆದಳು. ಗುಂಡಿ ಒತ್ತಿದ್ದೇ ತಡ, ಪಟ್ಟಿ ಬಂದು ಕೂತಿತು.

"ಭಲೇ ತಂಗಿ! ಚಹಾ ಇನ್ನೂ ಬಿಸಿ ಐತಿ." ಸಾಹುಕಾರರು ಸಹಿಗೆಂದು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಮುಂಡರಗಿಯಿಂದ ಫೋನು: ಹಸಿರು ಮೈ, ಕೆಂಪು ಅಂಚಿನವು ಎಂಟು ಬೇಕು. ಚನ್ನಬಸವಣ್ಣ ಹೊಸ ಪಟ್ಟಿಯಲ್ಲೇ ಹುಡುಕಿ, "ಇಲ್ರೀ," ಎಂದು ಫೋನು ಇಟ್ಟರು.

ನೂಲಿಗಾಗಿ ಕಟ್ಟೆಯ ಮೇಲೆ ಕಾಯುತ್ತಿದ್ದ ನೀಲಗಂಗವ್ವ ಎದ್ದು ಬಂದಳು. "ಇಲ್ಲಂದ್ರ ಹೆಂಗ್ರಿ ಸಾವ್ಕಾರ್ರ? ಹೋದ ಸೋಮಾರ ನಾನ ಎಂಟು ತಂದು ಹಾಕೇನಲ್ರಿ."

"ಕಂಪ್ಯೂಟರ್ ಸುಳ್ಳು ಹೇಳೂದಿಲ್ಲಬೇ."

"ಹಂಗಾರ ನಾ ಹೇಳಾಕತ್ತೇನೇನ್ರಿ?"

ಶಾಹಿಸ್ತಾ ಹೊಸ ಪಟ್ಟಿಯನ್ನು ಹಳೆಯದರ ಜೊತೆ ತಾಳೆ ನೋಡಿದಳು. ಎಂಟು ಸೀರೆ ಕಡಿಮೆ. ಹೊಸ ಕ್ವೆರಿ, ನೇಕಾರರ ಹೆಸರು ಸಿಗದ ಸೀರೆಗಳನ್ನೇ ಕೈಬಿಟ್ಟಿತ್ತು. ನೇಕಾರರ ಪಟ್ಟಿಯನ್ನು ಅವಳು ಇಳಿಸಿಕೊಂಡದ್ದು ಅಂಗಡಿಯ ವಹಿಯಿಂದ. ವಹಿಯಲ್ಲಿ ಮಗ್ಗ ಯಾರ ಹೆಸರಿಗೋ ಅವರೇ ನೇಕಾರರು. ನೀಲಗಂಗವ್ವನ ಗಂಡ ಪುಂಡಲೀಕಪ್ಪ ತೀರಿಕೊಂಡಾಗ ಅವನ ಹೆಸರಿಗೆ ಗೀಟು ಎಳೆದಿದ್ದರು, ಅವಳ ಹೆಸರು ಬರೆದಿರಲಿಲ್ಲ. ಮಗ್ಗ ಮಾತ್ರ ನಿಂತಿರಲಿಲ್ಲ.

ಪೆನ್ನು ಹಾಳೆಯ ಹತ್ತಿರವೇ ಇತ್ತು. ಸುಮ್ಮನಿದ್ದರೆ ಸಹಿ ಆಗಿಹೋಗುತ್ತಿತ್ತು.

"ತಪ್ಪು ನಂದ ಐತ್ರಿ ಕಾಕಾ. ಆಯಿ ಹೇಳೂದು ಖರೆ. ಸೀರಿ ಅದಾವ, ನಾನ ಬಿಟ್ಟೇನಿ."

"ಅಂದ್ರ ಜಲ್ದಿ ಬರಬೇಕಂತ ಮಂದೀನ ಬಿಟ್ಟು ಬಂತೇನು ನಿನ್ನ ಬಸ್ಸು?" ಚನ್ನಬಸವಣ್ಣ ಪೆನ್ನಿಗೆ ಮುಚ್ಚಳ ಹಾಕಿದರು.

ಅವಳು ಮತ್ತೆ ಕೂತಳು. ಓಟವೂ ಒಂದೇ ಇರಬೇಕು, ನೇಯ್ದವರ ಹೆಸರು ಸಿಗಲಿ ಬಿಡಲಿ ಸೀರೆಯೂ ಬರಬೇಕು; ಹಾಗೆ ಬರೆದಳು. ಪಟ್ಟಿ ಅಷ್ಟೇ ಬೇಗ ಬಂತು. ಎಂಟೂ ಬಂದವು, ಹೆಸರಿನ ಜಾಗ ಖಾಲಿ.

"ಪುಂಡಲೀಕಪ್ಪ ಅಂತ ಹಾಕಿಬಿಡು. ಮಗ್ಗ ಅವಂದ."

"ನೇಯ್ದಾವ್ರು ಯಾರ್ರಿ ಕಾಕಾ?"

ಚನ್ನಬಸವಣ್ಣ, ಹಸಿರು ಬಣ್ಣ ಹತ್ತಿದ್ದ ನೀಲಗಂಗವ್ವನ ಬೆರಳುಗಳನ್ನು ನೋಡಿದರು. ಬರಿ ಎಂಬಂತೆ ಶಾಹಿಸ್ತಾಳಿಗೆ ತಲೆಯಾಡಿಸಿ ಮುಂಡರಗಿಗೆ ಫೋನು ಹಚ್ಚಿದರು. "ಅದಾವ್ರಿ, ಎಂಟೂ ಅದಾವ," ಎನ್ನುತ್ತಲೇ ಸಹಿಯ ಹಾಳೆಯನ್ನು ಹತ್ತಿರ ಎಳೆದುಕೊಂಡರು.

"ಆಯಿ, ನಿಮ್ಮ ಹೆಸರು ನೋಡ್ ಬರ್ರಿ," ಎಂಟೂ ಖಾಲಿ ಜಾಗ ತುಂಬಿ ಎಂದಳು ಶಾಹಿಸ್ತಾ.

ಓದಲು ಬಾರದ ನೀಲಗಂಗವ್ವ ಸೆರಗಿಗೆ ಕೈ ಒರೆಸಿಕೊಂಡಳು. ಅಂಚಿನ ಎಳೆ ಎಣಿಸುವವಳ ಹಾಗೆ, ಒಂದೇ ತರಹ ಕಂಡ ಅಕ್ಷರಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಇಳಿಸಿದಳು. ಎಂಟಕ್ಕೆ ನಿಂತಳು.